ಒಂದು ಲಾರಿ ಲೋಡು ಗಾಳಿ

ಆಷಾಢದಲ್ಲಿ ಕೊಟ್ಟೂರಿನಿಂದ ಹರಪನಹಳ್ಳಿ ಕಡೆಗೆ ಸೈಕಲ್ ತುಳಿಯುವವರನ್ನು ಒಮ್ಮೆ ನಿಂತು ನೋಡಬೇಕು. ಗಾಳಿ ಪಡುವಣದಿಂದ ಬೀಸುತ್ತದೆ, ರಸ್ತೆಯೂ ಪಡುವಣಕ್ಕೇ ಹೋಗುತ್ತದೆ. ಊರಿನ ಮನೆಗಳು ಮುಗಿದು ಬಯಲು ಶುರುವಾದೊಡನೆ ತುಳಿಯುವವನ ಮೈ ತಾನಾಗಿಯೇ ಬಾಗುತ್ತದೆ. ಮೊಣಕೈ ಮಡಚುತ್ತದೆ, ತಲೆ ಹ್ಯಾಂಡಲ್ಲಿನ ಮಟ್ಟಕ್ಕೆ ಇಳಿಯುತ್ತದೆ, ಹೆಗಲಿನ ಟವೆಲ್ಲು ಸೊಂಟಕ್ಕೆ ಬರುತ್ತದೆ. ಇದನ್ನು ಅವನಿಗೆ ಯಾವ ತರಬೇತುದಾರನೂ ಕಲಿಸಿಲ್ಲ. ಸ್ವಿಟ್ಜರ್ಲೆಂಡಿನ ಮರದ ಸೈಕಲ್ ಪಥದ ಮೇಲೆ ವಿಶ್ವದಾಖಲೆಗೆ ಹೊರಟವನು ಮಾಡುವುದೂ ಇದನ್ನೇ. ಅವನು ಅದನ್ನು ಮಿಲಿಮೀಟರಿನಲ್ಲಿ ಅಳೆದು ಮಾಡುತ್ತಾನೆ, ಅಷ್ಟೇ.

ಬಾಗಿದವನಿಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿ ನೋಡಿದ ದಿನ ನಾನು ಬೆರಗಾದೆ. ಕೂಡ್ಲಿಗಿಯಿಂದ ಕೊಟ್ಟೂರಿನ ಮೇಲೆ ಹರಪನಹಳ್ಳಿಗೆ ಸುಮಾರು ಐವತ್ತು ಕಿ.ಮೀ. ದಾರಿ. ನೆಟ್ಟಗೆ ಕೂತು ಸೈಕಲ್ ತುಳಿಯುವ ಆಳನ್ನು ಎದುರಿನಿಂದ ನೋಡಿದರೆ ಕಾಣುವ ಹರವು ಹೆಚ್ಚುಕಡಿಮೆ 0.6 ಚದರ ಮೀಟರ್ ಎಂದಿಟ್ಟುಕೊಳ್ಳಿ. ಐವತ್ತು ಕಿ.ಮೀ. ಉದ್ದಕ್ಕೂ ಅಷ್ಟು ಅಗಲದ ಗಾಳಿಯನ್ನು ಅವನು ಸೀಳಿಕೊಂಡು ಹೋಗಬೇಕು. ಅದು 30,000 ಘನ ಮೀಟರ್. ಗಾಳಿಗೆ ತೂಕವಿಲ್ಲ ಎಂಬಂತೆ ನಾವು ಮಾತಾಡುತ್ತೇವೆ. ಆದರೆ ನಮ್ಮ ಬಯಲುಸೀಮೆಯ ಬೇಸಿಗೆಯಲ್ಲೂ ಒಂದು ಘನ ಮೀಟರ್ ಗಾಳಿ ಒಂದು ಕಿಲೋಕ್ಕಿಂತ ಸ್ವಲ್ಪ ಹೆಚ್ಚೇ ತೂಗುತ್ತದೆ, ಸುಮಾರು 1.07 ಕಿಲೋ. ಅಂದರೆ ಕೂಡ್ಲಿಗಿಯಲ್ಲಿ ಸೈಕಲ್ ಹತ್ತಿ ಹರಪನಹಳ್ಳಿಯಲ್ಲಿ ಇಳಿದವನು ದಾರಿಯಲ್ಲಿ 32 ಟನ್ ಗಾಳಿಯನ್ನು ಅತ್ತಿತ್ತ ಸರಿಸಿರುತ್ತಾನೆ. ಅವನೇ ಹ್ಯಾಂಡಲ್ಲು ತಗ್ಗಿಸಿ ಬೆನ್ನು ಬಾಗಿಸಿ ಆ ಹರವನ್ನು 0.4ಕ್ಕೆ ಇಳಿಸಿಕೊಂಡರೆ 21 ಟನ್. ಉಳಿದದ್ದು ಹತ್ತು ಟನ್ನಿಗೂ ಮಿಕ್ಕಿ. ಆರು ಗಾಲಿಯ ಲಾರಿಗೆ ಒಂದು ಲೋಡು.

ಇದು ಬರೀ ತೂಕದ ಲೆಕ್ಕ. ವೇಗ ಸೇರಿತೆಂದರೆ ಲೆಕ್ಕ ಇನ್ನೂ ಭಯಂಕರ. ಹರಪನಹಳ್ಳಿ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದನ್ನು ಎಲ್ಲರೂ ಕಂಡಿದ್ದಾರೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ ಎಂಬ ನಿಯಮದ ಮೇಲೆ ಆ ರೆಕ್ಕೆಗಳು ಬದುಕುತ್ತವೆ. ಸೈಕಲ್ಲಿನವನು ಅದೇ ನಿಯಮಕ್ಕೆ ಸುಂಕ ಕಟ್ಟುತ್ತಾನೆ. ಗಾಳಿಯಿಲ್ಲದ ಬೆಳಗಿನಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವವನು ಗಾಳಿಗೆಂದು ಕೊಡುವುದು ಬರೀ 24 ವ್ಯಾಟ್ ಆಸುಪಾಸು. ಅವನೇ 45ಕ್ಕೆ ಏರಬೇಕೆಂದರೆ ವೇಗ ಮೂರು ಪಟ್ಟು, ಕೊಡಬೇಕಾದ ಶಕ್ತಿ ಇಪ್ಪತ್ತೇಳು ಪಟ್ಟು. ಆಷಾಢದಲ್ಲಿ ಎದುರುಗಾಳಿ ಗಂಟೆಗೆ 20 ಕಿ.ಮೀ. ಇದ್ದರೆ, ಅದೇ ಹದಿನೈದರ ನಿಧಾನದಲ್ಲಿ ಹೋಗಲಿಕ್ಕೂ ಐದು ಪಟ್ಟಿಗಿಂತ ಹೆಚ್ಚು ತುಳಿಯಬೇಕು. ಅಷ್ಟು ತುಳಿದು ಮನೆ ಮುಟ್ಟಿ ಜಗುಲಿಯ ಮೇಲೆ ಕುಸಿದು ಕೂತವರ ಆಯಾಸಕ್ಕೆ ಇಷ್ಟು ಚೊಕ್ಕ ಗಣಿತವಿದೆ ಎಂಬುದು ನನಗೆ ಇಂದಿಗೂ ಸೋಜಿಗ.

ಗಂಟೆಗೆ 40 ಕಿ.ಮೀ. ವೇಗವನ್ನು ಹಿಡಿದು ಮೂರು ಬಗೆಯ ಕೂರುವಿಕೆಯನ್ನು ಲೆಕ್ಕ ಹಾಕಿದರೆ ಹೀಗೆ ಬರುತ್ತದೆ: ಕರಿ ಸೈಕಲ್ಲಿನ ಮೇಲೆ ನೆಟ್ಟಗೆ ಕೂತವನಿಗೆ ಗಾಳಿಯ ಸಲುವಾಗಿಯೇ ಸುಮಾರು 450 ವ್ಯಾಟ್ ಬೇಕು. ಕೆಳಬಾಗಿದ ಹ್ಯಾಂಡಲ್ಲಿನ ಕೊಂಬು ಹಿಡಿದವನಿಗೆ 240. ಕೈಗಳನ್ನು ಮುಂದಕ್ಕೆ ಚಾಚಿ ಬೆನ್ನನ್ನು ಹಲಗೆಯಂತೆ ಮಲಗಿಸಿದವನಿಗೆ 150. ಒಂದು ಕುದುರೆಶಕ್ತಿ ಎಂದರೆ 746 ವ್ಯಾಟ್ ಎಂಬುದನ್ನು ನೆನಪಿಟ್ಟುಕೊಂಡರೆ ಮೊದಲಿನವನ ಪಾಡು ತಿಳಿಯುತ್ತದೆ. ಅರ್ಧ ಕುದುರೆಗಿಂತ ಹೆಚ್ಚು ಕೆಲಸವನ್ನು ಎರಡು ಕಾಲುಗಳು ಮಾಡಬೇಕು. ಗಂಟೆಗಟ್ಟಲೆ ಅದು ನಡೆಯುವ ಮಾತಲ್ಲ.

ಇಷ್ಟೆಲ್ಲ ಕಾಗದದ ಮೇಲಿನ ಲೆಕ್ಕವಾಯಿತು. ಮನುಷ್ಯನ ಮೈಮೇಲೆ ನಡೆದ ಲೆಕ್ಕವೂ ಒಂದಿದೆ. ಸೈಕಲ್ ಪಥದಲ್ಲಿ 'ಅವರ್ ರೆಕಾರ್ಡ್' ಎಂಬ ಒಂದು ಓಟವುಂಟು. ಒಬ್ಬನೇ ಸವಾರ, ಒಂದೇ ಗಂಟೆ, ಎಷ್ಟು ದೂರ ಹೋದೆ ಎಂಬುದೊಂದೇ ಪ್ರಶ್ನೆ. 1893ರಲ್ಲಿ ಫ್ರಾನ್ಸಿನ ಹೆನ್ರಿ ದೆಗ್ರಾಂಜ್ ಹೋದದ್ದು 35.325 ಕಿ.ಮೀ. 1972ರ ಅಕ್ಟೋಬರ್ 25ರಂದು ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೆಕ್ಸಿಕೋ ನಗರದಲ್ಲಿ 49.431 ಕಿ.ಮೀ. ಹೋದ. ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದ ಆ ನಗರವನ್ನು ಆರಿಸಿದ್ದು ಅಲ್ಲಿನ ಗಾಳಿ ತೆಳುವೆಂದು. ಹಾಗೆ ನೋಡಿದರೆ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿ ಎಂಬ ನಮ್ಮ ಐದೂ ತಾಲ್ಲೂಕುಗಳು ಐನೂರು ಮೀಟರಿಗಿಂತ ಮೇಲಿವೆ. ಅದರ ಮೇಲೆ ಏಪ್ರಿಲ್ಲಿನ ಬಿಸಿಲು. ಬಿಸಿಯಾದ ಗಾಳಿ ಹಿಗ್ಗಿ ಹಗುರಾಗುತ್ತದೆ. ಸಮುದ್ರ ದಂಡೆಯ ತಂಪು ಹೊತ್ತಿನ ಗಾಳಿ ಘನ ಮೀಟರಿಗೆ 1.225 ಕಿಲೋ ತೂಗುವಲ್ಲಿ, ಮೂವತ್ತೈದು ಡಿಗ್ರಿ ಕಾವಿನ ಕೊಟ್ಟೂರಿನ ಗಾಳಿ ಅದಕ್ಕಿಂತ ನೂರಕ್ಕೆ ಹದಿಮೂರರಷ್ಟು ಹಗುರ. ನಮ್ಮನ್ನು ಸುಡುವ ಬಿಸಿಲು ಸೈಕಲ್ಲಿಗೆ ಇಂಥ ಉಪಕಾರ ಮಾಡುತ್ತದೆಂದು ನಾನು ಎಣಿಸಿರಲಿಲ್ಲ.

ಈಗ ಆ ಮೈಮೇಲಿನ ಲೆಕ್ಕಕ್ಕೆ ಬರುತ್ತೇನೆ. ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ 1996ರಲ್ಲಿ ಮ್ಯಾಂಚೆಸ್ಟರಿನ ಪಥದಲ್ಲಿ ಒಂದು ಗಂಟೆಗೆ 56.375 ಕಿ.ಮೀ. ಹೋದ. ಎರಡೂ ಕೈಗಳನ್ನು ಮುಂದಕ್ಕೆ ಪೂರ್ತಿ ಚಾಚಿ ಹಾರುವವನ ಹಾಗೆ ಮಲಗಿ ತುಳಿಯುವ ಭಂಗಿ ಅದು. ಮುಂದೆ ನಿಯಮ ಬದಲಾಯಿತು. ದಾಖಲೆ ಮುರಿಯಬೇಕಾದವರು ಮರ್ಕ್ಸ್ ಕಾಲದ ರೀತಿಯ ಸೈಕಲ್ಲು, ಮರ್ಕ್ಸ್ ಕಾಲದ ಬಾಗು ಹ್ಯಾಂಡಲ್ಲಿನಲ್ಲೇ ಮುರಿಯಬೇಕೆಂದಾಯಿತು. ಅದೇ ಬೋರ್ಡ್‌ಮನ್, ಅದೇ ಮ್ಯಾಂಚೆಸ್ಟರ್, 2000ದಲ್ಲಿ ಹೋದದ್ದು 49.441 ಕಿ.ಮೀ. ಮರ್ಕ್ಸ್‌ಗಿಂತ ಹತ್ತು ಮೀಟರ್ ಮುಂದೆ. ತನ್ನ ಹಿಂದಿನ ದೂರಕ್ಕಿಂತ ಸುಮಾರು ಏಳು ಕಿ.ಮೀ. ಹಿಂದೆ.

ನಾಲ್ಕು ವರ್ಷದ ವಯಸ್ಸು ಇದರಲ್ಲಿ ಸ್ವಲ್ಪ ತಿಂದಿರಬಹುದು, ನಿಜ. ಆದರೂ ಏಳು ಕಿ.ಮೀ.! ಅಷ್ಟರ ಬಹುಪಾಲನ್ನು ತಿಂದದ್ದು ಕೈ ಎಲ್ಲಿತ್ತು, ಬೆನ್ನು ಹೇಗಿತ್ತು, ಕೆಳಗೆ ಎಂಥ ಸೈಕಲ್ಲಿತ್ತು ಎಂಬ ವ್ಯತ್ಯಾಸ. ಇಪ್ಪತ್ತೆಂಟು ವರ್ಷಗಳಲ್ಲಿ ಮನುಷ್ಯನ ಕಾಲು ಗಳಿಸಿದ್ದು ಹತ್ತು ಮೀಟರ್, ಹ್ಯಾಂಡಲ್ಲಿನ ಜಾಗ ಗಳಿಸಿಕೊಟ್ಟದ್ದು ಏಳು ಸಾವಿರ ಮೀಟರ್ ಎಂದು ಹೇಳಿದರೆ ಸ್ವಲ್ಪ ಅತಿಯಾದೀತು. ಆದರೆ ಆ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆಮೇಲೆ ನಿಯಮ ಮತ್ತೆ ಸಡಿಲವಾಯಿತು. 2022ರ ಅಕ್ಟೋಬರ್ 8ರಂದು ಇಟಲಿಯ ಫಿಲಿಪ್ಪೊ ಗನ್ನಾ ಸ್ವಿಟ್ಜರ್ಲೆಂಡಿನ ಗ್ರೆಂಚೆನ್‌ನಲ್ಲಿ 56.792 ಕಿ.ಮೀ. ಹೋದ. 250 ಮೀಟರಿನ ಪಥದಲ್ಲಿ ಅದು 227 ಸುತ್ತು, ಒಂದೊಂದು ಸುತ್ತಿಗೆ ಹದಿನಾರು ಸೆಕೆಂಡೂ ಇಲ್ಲ. ಬೆಳಿಗ್ಗೆ ಏಳಕ್ಕೆ ಕೂಡ್ಲಿಗಿಯ ಬಸ್ ನಿಲ್ದಾಣದಲ್ಲಿ ಹೊರಟರೆ ಎಂಟರೊಳಗೆ ಕೊಟ್ಟೂರು ದಾಟಿ ಹರಪನಹಳ್ಳಿ ಮುಟ್ಟಿ, ಇನ್ನೂ ಮುಂದೆ ಹೊರಟಿರುವಷ್ಟು. ಪೆಡಲು ಒಂದು ಸುತ್ತು ತಿರುಗಿದರೆ ಅವನ ಸೈಕಲ್ಲು ಹೆಚ್ಚುಕಡಿಮೆ 9.7 ಮೀಟರ್ ಮುಂದೆ. ಮುಂದಿನ ಚಕ್ರಕ್ಕೆ 65 ಹಲ್ಲು, ಹಿಂದಿನದಕ್ಕೆ 14. ನಮ್ಮ ಕರಿ ಸೈಕಲ್ಲಿನಲ್ಲಿ 44 ಮತ್ತು 18 ಇದ್ದರೆ ಒಂದು ಸುತ್ತಿಗೆ ಐದೂವರೆ ಮೀಟರ್ ಸಿಕ್ಕೀತು.

ಪಥದ ತಿರುವಿನ ವಿಷಯ ಇನ್ನೊಂದು ಬಗೆಯ ಬೆರಗು. 250 ಮೀಟರಿನ ಪಥದ ತಿರುವುಗಳು ನಲವತ್ತು ಡಿಗ್ರಿಗೂ ಮೀರಿ ವಾಲಿರುತ್ತವೆ. ಅಂಥ ತಿರುವಿಗೆ ಗಂಟೆಗೆ 57 ಕಿ.ಮೀ. ವೇಗದಲ್ಲಿ ನುಗ್ಗಿದವನ ತೂಕ ಅರೆಗಳಿಗೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಎಂಬತ್ತು ಕಿಲೋದವನು ನೂರಿಪ್ಪತ್ತು ಕಿಲೋದವನಂತೆ ಸೈಕಲ್ಲನ್ನು ಅದುಮುತ್ತಾನೆ. ಸುತ್ತಿಗೆ ಎರಡು ತಿರುವು, ಗಂಟೆಗೆ 454 ತಿರುವು. ಅಷ್ಟು ಸಲ ಆ ಭಾರ ಏರಿ ಇಳಿಯುತ್ತದೆ. ಹ್ಯಾಂಡಲ್ಲು ತಗ್ಗಿದಷ್ಟೂ ಸವಾರನ ಭಾರ ಮುಂದಕ್ಕೆ ಸರಿಯುವುದರಿಂದ ಮುಂಗಾಲಿಯ ಪಾಲೂ ಹೆಚ್ಚು. ಅದನ್ನೆಲ್ಲ ಹೊರುತ್ತ, ಹೊತ್ತುಕೊಂಡೇ ನುಣ್ಣಗೆ ತಿರುಗಬೇಕಾದ ಜಾಗ ಒಂದಿದೆ: ಹ್ಯಾಂಡಲ್ಲಿನ ಕೊಳವೆಯ ಮೇಲೂ ಕೆಳಗೂ ಇರುವ ಎರಡು ಬಟ್ಟಲುಗಳು ಮತ್ತು ಅವುಗಳೊಳಗಿನ ಉಕ್ಕಿನ ಗುಂಡುಗಳು.

ಅಂಗಡಿಯವರು ಹೆಡ್ ಕಪ್ಪು ಎನ್ನುವ ಆ ಬಟ್ಟಲಿನ ಮುಂದೆ ನಾನು ಬಹಳ ಹೊತ್ತು ನಿಲ್ಲಬಲ್ಲೆ. ಹಳೆಯ ಟ್ರ್ಯಾಕ್ ಸೈಕಲ್ಲುಗಳಲ್ಲಿ ಮೇಲಿನ ಬಟ್ಟಲು ಫೋರ್ಕಿನ ಕೊಳವೆಯ ಮೇಲೆ ಮರೆಯಂತೆ ತಿರುಗಿ ಕೂರುತ್ತದೆ; ಕರಿ ಸೈಕಲ್ಲಿನದೂ ಅದೇ ಜಾತಿ. ಟ್ರ್ಯಾಕ್ ಸೈಕಲ್ಲಿನ ಆ ಮರೆಗೆ ಇಂಚಿಗೆ 24 ಎಳೆ. ಹಾಗಾಗಿ ಬಟ್ಟಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಅದು ಇಳಿಯುವುದು ಒಂದು ಮಿ.ಮೀ.ಗಿಂತ ಕೂದಲಷ್ಟು ಹೆಚ್ಚು. ಕೂದಲಷ್ಟು ಎಂದು ನಾನು ಮಾತಿಗೆ ಹೇಳುತ್ತಿಲ್ಲ. 1.058 ಮಿ.ಮೀ. ಎಂದರೆ ಆ ಮೇಲಿನ ಚೂರು ನಿಜಕ್ಕೂ ಒಂದು ತಲೆಗೂದಲಿನ ದಪ್ಪ. ಹ್ಯಾಂಡಲ್ಲು 'ಆಡುವುದಕ್ಕೂ' 'ಬಿಗಿಯುವುದಕ್ಕೂ' ನಡುವೆ ಇರುವ ಸರಿಯಾದ ಜಾಗವನ್ನು ಹಿಡಿಯಲು ಮೆಕ್ಯಾನಿಕ್ ಕೊನೆಯಲ್ಲಿ ಪಾನಾ ಬಿಟ್ಟು ಬೆರಳಲ್ಲೇ ಬಟ್ಟಲನ್ನು ಹದಿನಾರನೇ ಒಂದು ಸುತ್ತು ಅತ್ತಿತ್ತ ಮಾಡುತ್ತಾನಲ್ಲ, ಆಗ ಆ ಬಟ್ಟಲು ಸರಿಯುವುದು 0.066 ಮಿ.ಮೀ. ಅದೂ ಒಂದು ಕೂದಲೇ. ಅಳತೆಯ ಯಾವ ಉಪಕರಣವೂ ಇಲ್ಲದೆ, ಗ್ರೀಸು ಮೆತ್ತಿದ ಬೆರಳು ಕೂದಲೆಳೆಯ ವ್ಯತ್ಯಾಸವನ್ನು ಓದುತ್ತದೆ. ಕೊಟ್ಟೂರೇಶ್ವರನ ತೇರಿನ ಗಾಲಿಗೆ ಸನ್ನೆ ಕೊಟ್ಟು ದಿಕ್ಕು ಬದಲಿಸುವ ಕೈಗಳೂ, ಈ ಬೆರಳುಗಳೂ ಒಂದೇ ಊರಿನಲ್ಲಿವೆ ಎಂಬುದನ್ನು ನೆನೆದರೆ ಖುಷಿಯಾಗುತ್ತದೆ.

ಆಟ ಉಳಿದರೆ ಪ್ರತಿ ಗುಂಡಿಗೂ ಫೋರ್ಕು ಟಕ್ ಟಕ್ ಎನ್ನುತ್ತದೆ, ಗುಂಡುಗಳು ಬಟ್ಟಲಿಗೆ ಸುತ್ತಿಗೆಯಂತೆ ಬಡಿಯುತ್ತವೆ. ಗಾಲಿಯ ಗುಂಡುಗಳು ಸದಾ ತಿರುಗುತ್ತಿರುವುದರಿಂದ ಪೆಟ್ಟು ಹಂಚಿಹೋಗುತ್ತದೆ. ಹ್ಯಾಂಡಲ್ಲಿನ ಗುಂಡುಗಳಿಗೆ ಆ ಭಾಗ್ಯವಿಲ್ಲ. ನೇರ ರಸ್ತೆಯಲ್ಲಿ ಅವು ಹೆಚ್ಚುಕಡಿಮೆ ಇದ್ದಲ್ಲೇ ಇದ್ದು, ಅದೇ ಜಾಗಕ್ಕೆ ಸಾವಿರಾರು ಪೆಟ್ಟು ತಿಂದು, ಬಟ್ಟಲಿನಲ್ಲಿ ಚಿಕ್ಕ ಚಿಕ್ಕ ಗುಳಿ ಮಾಡುತ್ತವೆ. ಹಳೆಯ ಸೈಕಲ್ಲಿನ ಹ್ಯಾಂಡಲ್ಲು ನಟ್ಟನಡುವೆ ಬಂದಾಗ ಸಿಕ್ಕಿಕೊಂಡಂತೆ ಆಗುವುದು ಅದಕ್ಕೇ. ಬಿಗಿ ಹೆಚ್ಚಾದರೆ ಇನ್ನೊಂದು ಆಪತ್ತು. ಸೈಕಲ್ಲು ನೆಟ್ಟಗೆ ಹೋಗುವುದು ಹ್ಯಾಂಡಲ್ಲು ಸದಾ ನಮಗೆ ತಿಳಿಯದಂತೆ ಚೂರು ಚೂರೇ ಅತ್ತಿತ್ತ ತಿರುಗುತ್ತಿರುವುದರಿಂದ. ಆ ತಿರುಗಾಟವನ್ನು ಬಿಗಿದು ಕಟ್ಟಿದರೆ ಎಂಥ ಸವಾರನೂ ತೂರಾಡುತ್ತಾನೆ.

ಕರಿ ಸೈಕಲ್ಲಿನಲ್ಲಿ ಹ್ಯಾಂಡಲ್ಲು ಇಳಿಸುವುದು ಬೇರೆ ಕೆಲಸ, ಕಪ್ಪು ಸರಿಮಾಡುವುದು ಬೇರೆ ಕೆಲಸ. ನಡುವಿನ ಬೋಲ್ಟನ್ನು ನಾಲ್ಕು ಸುತ್ತು ಸಡಿಲಿಸಿ, ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಒಳಗಿನ ಬೆಣೆ ಬಿಡುತ್ತದೆ. ಸರಳಿನ ಬ್ರೇಕು ಹ್ಯಾಂಡಲ್ಲಿಗೇ ಕಟ್ಟಿರುವುದರಿಂದ ಅದನ್ನೂ ಹೊಂದಿಸಿಕೊಳ್ಳಬೇಕು. ಕಪ್ಪಿನ ಗೊಡವೆಗೆ ಹೋಗಬೇಕಾಗಿಲ್ಲ. ಈಗಿನ ಟ್ರ್ಯಾಕ್ ಸೈಕಲ್ಲಿನಲ್ಲಿ ಹಾಗಲ್ಲ. ಫೋರ್ಕಿನ ಕೊಳವೆಗೆ ಮರೆಯೇ ಇಲ್ಲ. ಅದು ಒಂದೂಕಾಲು ಇಂಚಿಗೆ ಸ್ವಲ್ಪ ಕಡಿಮೆ, 28.6 ಮಿ.ಮೀ. ದಪ್ಪದ ನುಣುಪು ಕೊಳವೆ. ಹ್ಯಾಂಡಲ್ಲನ್ನು ಹಿಡಿದ ಸ್ಟೆಮ್ಮೇ ಕಪ್ಪನ್ನೂ ಹಿಡಿದಿರುತ್ತದೆ. ಅದರ ಕೆಳಗಿನ ಐದು ಮಿ.ಮೀ., ಹತ್ತು ಮಿ.ಮೀ. ಬಳೆಗಳನ್ನು ತೆಗೆದು ಮೇಲಕ್ಕೆ ಹಾಕಿದರೆ ಹ್ಯಾಂಡಲ್ಲು ಇಳಿಯುತ್ತದೆ. ಅದೇ ಗಳಿಗೆಗೆ ಕಪ್ಪಿನ ಹದವೂ ಕೆಟ್ಟಿರುತ್ತದೆ. ಹಾಗಾಗಿ ಇಳಿಸುವುದೂ ಹದ ಮಾಡುವುದೂ ಒಂದೇ ಕೆಲಸ, ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಕ್ರಮ ಮುಖ್ಯ. ಮೇಲಿನ ಮುಚ್ಚಳದ ಬೋಲ್ಟು ಹ್ಯಾಂಡಲ್ಲನ್ನು ಹಿಡಿದಿದೆ ಎಂದು ಬಹಳ ಜನ ನಂಬಿದ್ದಾರೆ. ಇಲ್ಲ. ಅದು ಗುಂಡುಗಳ ಮೇಲೆ ಹದವಾದ ಒತ್ತಡ ತರುವುದಕ್ಕೆ ಮಾತ್ರ. ಒತ್ತಡ ಬರಬೇಕೆಂದರೆ ಕೊಳವೆಯ ತುದಿ ಬಳೆಗಳ ಮಟ್ಟಕ್ಕಿಂತ ಎರಡು ಮೂರು ಮಿ.ಮೀ. ಒಳಗಿರಬೇಕು, ಇಲ್ಲದಿದ್ದರೆ ಮುಚ್ಚಳ ಕೊಳವೆಗೇ ತಾಗಿ ನಿಂತುಬಿಡುತ್ತದೆ. ಮುಚ್ಚಳದಿಂದ ಆಟ ತೆಗೆದ ಮೇಲೆ ಹ್ಯಾಂಡಲ್ಲನ್ನು ಗಾಲಿಗೆ ನೇರ ಮಾಡಿ ಸ್ಟೆಮ್ಮಿನ ಪಕ್ಕದ ಎರಡು ಬೋಲ್ಟುಗಳನ್ನು ಸರದಿಯಂತೆ ಬಿಗಿಯಬೇಕು. ಹಲವು ಸ್ಟೆಮ್ಮುಗಳ ಮೇಲೆ 5 ನ್ಯೂಟನ್ ಮೀಟರ್ ಎಂದು ಬರೆದಿರುತ್ತದೆ. ಹತ್ತು ಸೆಂ.ಮೀ. ಉದ್ದದ ಕೀಲಿಯ ತುದಿಗೆ ಐದು ಕಿಲೋ ತೂಕ ನೇತುಹಾಕಿದರೆ ಬರುವ ಬಲ ಅದು, ಜೋಳದ ಒಂದು ಸಣ್ಣ ಚೀಲದಷ್ಟು. ನೂರಿಪ್ಪತ್ತು ಕಿಲೋ ಆಗಿ ತಿರುವಿಗೆ ನುಗ್ಗುವ ದೇಹವನ್ನು ಹಿಡಿದು ನಿಲ್ಲಿಸುವುದು ಅಷ್ಟೇ ಬಿಗಿತ.

ಹ್ಯಾಂಡಲ್ಲು ಇಳಿದಾಗ ಮುಂದಕ್ಕೂ ಹೋಗುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ಕೊಳವೆ ನೆಟ್ಟಗಿಲ್ಲ, ಸುಮಾರು 74 ಡಿಗ್ರಿಗೆ ವಾಲಿದೆ. ಆ ವಾಲಿನ ಮೇಲೆ ಹತ್ತು ಮಿ.ಮೀ. ಜಾರಿದರೆ ಹ್ಯಾಂಡಲ್ಲು ಸುಮಾರು ಮೂರು ಮಿ.ಮೀ. ದೂರವಾಗುತ್ತದೆ. ನಲವತ್ತು ಇಳಿಸಿದರೆ ಹನ್ನೊಂದು. ಎಲ್ಲ ಸರಿಯಾಗಿ ಮಾಡಿದೆನಲ್ಲ, ಹೆಗಲು ಯಾಕೆ ನೋಯುತ್ತಿದೆ ಎಂದು ಕೇಳುವವರಿಗೆ ಉತ್ತರ ಆ ಹನ್ನೊಂದು ಮಿ.ಮೀ.ನಲ್ಲಿ ಇರುತ್ತದೆ. ಒಂದು ಸೆಂ.ಮೀ. ಗಿಡ್ಡದ ಸ್ಟೆಮ್ಮು ಹಾಕಿದರೆ ನೋವು ಹೋಗಬಹುದು.

ಇಳಿಸಿದಷ್ಟೂ ಒಳ್ಳೆಯದೆಂಬುದನ್ನು ನಾನು ಒಪ್ಪುವುದಿಲ್ಲ. ಒಂದು ಹಂತದ ಆಚೆ ತೊಡೆ ಹೊಟ್ಟೆಗೆ ಬಡಿಯುತ್ತದೆ, ಉಸಿರು ಕಟ್ಟುತ್ತದೆ, ಕಾಲಿನ ಬಲ ಕುಗ್ಗುತ್ತದೆ. ಕುತ್ತಿಗೆ ತಡೆಯದೆ ತಲೆ ಮೇಲೆದ್ದರೆ ತಲೆಯೇ ಗಾಳಿಗೆ ಅಡ್ಡ ನಿಲ್ಲುತ್ತದೆ. ಆಗ ಇಳಿಸಿದ್ದೂ ಹೋಯಿತು, ಗಳಿಸಿದ್ದೂ ಹೋಯಿತು. ಹ್ಯಾಂಡಲ್ಲನ್ನು ಕಿರಿದು ಮಾಡಿ ಮೊಣಕೈಗಳನ್ನು ಹತ್ತಿರ ತಂದರೆ ಎಷ್ಟೋ ಸಲ ಇಳಿಸುವುದಕ್ಕಿಂತ ಹೆಚ್ಚು ಲಾಭ. ನಮ್ಮ ಕಡೆಯ ಅಂಗಡಿಯಲ್ಲಿ ಈ ಎಲ್ಲ ವಿಚಾರ ಎರಡು ಮಾತಿನಲ್ಲಿ ಮುಗಿಯುತ್ತದೆ.

"ಅಣ್ಣಾ, ಇನ್ನೊಂದೀಟು ಇಳಿಸ್ರಿ."

"ಇಳಿಸ್ತೀನಿ ತಮ್ಮಾ, ಮೊದ್ಲು ಮ್ಯಾಲ ಕುಂದುರು. ಮಣಕಾಲು ಹೊಟ್ಟಿಗೆ ಬಡೀತೈತೇನು ನೋಡು."

ಆ ಎರಡನೆಯ ಮಾತಿನಲ್ಲಿರುವ ತಿಳಿವಳಿಕೆಯನ್ನು ಕಡೆಗಣಿಸಬಾರದು. 1993ರಲ್ಲಿ ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ಎಂಬವನು ತಾನೇ ಕಟ್ಟಿಕೊಂಡ ಸೈಕಲ್ಲಿನ ಮೇಲೆ, ಕೈಗಳನ್ನು ಎದೆಯ ಕೆಳಗೆ ಮಡಚಿಕೊಂಡು, ನಾರ್ವೆಯ ಹಾಮಾರ್‌ನಲ್ಲಿ ಗಂಟೆಯ ದಾಖಲೆಗೆ ಹೊರಟ. ಪೆಡಲಿನ ಅಚ್ಚಿಗೆ ಅವನು ಹಾಕಿದ್ದು ಬಟ್ಟೆ ತೊಳೆಯುವ ಯಂತ್ರದಿಂದ ಕಿತ್ತ ಬೇರಿಂಗು. ಮೊದಲ ದಿನ ಸೋತ. ಮರುದಿನ, ಜುಲೈ 17ರಂದು, ಮತ್ತೆ ಹತ್ತಿ 51.596 ಕಿ.ಮೀ. ಹೋದ. ಅವನ ಆ ಭಂಗಿಯನ್ನು ಮುಂದಿನ ವರ್ಷವೇ ನಿಷೇಧಿಸಿದರು. ಅವನಿಗಿದ್ದ ಪ್ರಯೋಗಶಾಲೆ ಅವನ ಮೈಯೇ. ಎಲ್ಲಿ ಬಾಗಿದರೆ ಗಾಳಿ ಬಿಡುತ್ತದೆ, ಎಲ್ಲಿ ಬಾಗಿದರೆ ಕಾಲು ಸೋಲುತ್ತದೆ ಎಂದು ತುಳಿದು ತುಳಿದೇ ಕಂಡುಕೊಂಡ.

ಹಾಗೆ ಕಂಡುಕೊಳ್ಳಬಲ್ಲ ಮಕ್ಕಳು ನಮ್ಮಲ್ಲಿ ಎಷ್ಟಿರಬಹುದು? ರಾಜ್ಯ ಸರ್ಕಾರ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆಯನ್ನು 2006-07ರಲ್ಲಿ ಆರಂಭಿಸಿತು. ಒಂದೊಂದು ವರ್ಷ ಐದು ಲಕ್ಷದ ಆಸುಪಾಸು ಸೈಕಲ್ಲುಗಳು ಹಂಚಿಕೆಯಾದವು. ಮುಂದಿನ ಗಾಲಿಯ ಅಚ್ಚಿನಲ್ಲಿ ಪಕ್ಕಕ್ಕೆ ಹತ್ತು ಗುಂಡು, ಹಿಂದಿನದರಲ್ಲಿ ಒಂಬತ್ತು, ಪೆಡಲಿನ ಅಚ್ಚಿನಲ್ಲಿ ಹನ್ನೊಂದು ಎಂದು ಎಣಿಸುತ್ತ, ಹ್ಯಾಂಡಲ್ಲಿನ ಕಪ್ಪು, ಪೆಡಲು, ಫ್ರೀವೀಲು ಎಲ್ಲ ಸೇರಿಸಿದರೆ ಸಾದಾ ಸೈಕಲ್ಲಿನಲ್ಲಿ ಗುಂಡುಗಳ ಸಂಖ್ಯೆ ನೂರೈವತ್ತು ಮೀರುತ್ತದೆ. ಐದು ಲಕ್ಷಕ್ಕೆ ಏಳೂವರೆ ಕೋಟಿ. ಹಗರಿಬೊಮ್ಮನಹಳ್ಳಿಯ, ಹಡಗಲಿಯ ಹಳ್ಳಿಗಳಿಂದ ಹೈಸ್ಕೂಲಿಗೆ ಹೊರಟ ಹುಡುಗಿಯರ ಕೆಳಗೆ ಆ ಉಕ್ಕಿನ ಒಂದು ಪಾಲು ತಿರುಗಿದೆ. ದಿನಕ್ಕೆ ಐದು ಕಿ.ಮೀ. ಹೋಗಿ ಐದು ಕಿ.ಮೀ. ಬರುವ ಹುಡುಗಿಯ ಸೈಕಲ್ ಗಾಲಿ ಸುಮಾರು ನಾಲ್ಕೂವರೆ ಸಾವಿರ ಸಲ ಸುತ್ತುತ್ತದೆ. ಶಾಲೆಯ ಇನ್ನೂರು ದಿನಕ್ಕೆ ಒಂಬತ್ತು ಲಕ್ಷ ಸುತ್ತು.

ಕೂಡ್ಲಿಗಿಯ ಪಕ್ಕ ಹಾದುಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯನ್ನೇ ಹಿಡಿದು ಬಡಗಣಕ್ಕೆ ಹೋದರೆ, ಹೊಸಪೇಟೆ, ಕುಷ್ಟಗಿ, ಹುನಗುಂದ ದಾಟಿ ಇನ್ನೂರು ಕಿ.ಮೀ.ಗೂ ಆಚೆ ವಿಜಯಪುರ. ಕರ್ನಾಟಕದ ಸೈಕಲ್ ಓಟದ ತವರು ಅದು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತರ ಮಕ್ಕಳು ರಾಜ್ಯಕ್ಕೆ ಪದಕ ತಂದವರು. ಇಲ್ಲಿಯಂತೆಯೇ ಅಲ್ಲಿಯೂ ಬಯಲು, ಬಿಸಿಲು, ಗಾಳಿ. ಒಂದೇ ಡಾಂಬರಿನ ಎರಡು ತುದಿಗಳಲ್ಲಿ ಒಂದು ಕಡೆ ಮಕ್ಕಳು ಓಟದ ಸೈಕಲ್ ಹತ್ತಿದರು, ಇನ್ನೊಂದು ಕಡೆ ಕ್ಯಾರಿಯರಿಗೆ ಬುತ್ತಿ ಕಟ್ಟಿಕೊಂಡು ಶಾಲೆಗೆ ಹೋದರು. ಈ ಐದು ತಾಲ್ಲೂಕುಗಳಿಂದಲೂ ಆ ತುದಿಗೆ ಮಕ್ಕಳು ಹೋಗಬೇಕೆಂದು ನನಗೆ ತೀರದ ಆಸೆ.

ಹೋದವರಿಗೆ ಕೊಡುವ ಟ್ರ್ಯಾಕ್ ಸೈಕಲ್ಲಿಗೆ ಬ್ರೇಕೇ ಇರುವುದಿಲ್ಲ. ಆದ್ದರಿಂದ ಮುಂದಿನ ಬ್ರೇಕು ಹಿಡಿದು ಅಲುಗಿಸಿ ಕಪ್ಪಿನ ಆಟ ನೋಡುವ ನಮ್ಮ ರೂಢಿ ಅಲ್ಲಿ ನಡೆಯದು. ಗಾಲಿಯನ್ನು ಗೋಡೆಗೆ ಒತ್ತಿ, ಕಪ್ಪಿಗೂ ಕೊಳವೆಗೂ ನಡುವಿನ ಸಂದಿಗೆ ಬೆರಳಿಟ್ಟು ಹಿಂದೆ ಮುಂದೆ ನೂಕಿ ನೋಡಬೇಕು. ಆಮೇಲೆ ಸೈಕಲ್ಲಿನ ಮುಂಭಾಗವನ್ನು ಒಂದು ಗೇಣು ಎತ್ತಿ ಹ್ಯಾಂಡಲ್ಲನ್ನು ಬಿಟ್ಟುಬಿಡಬೇಕು. ಹದ ಸರಿಯಿದ್ದರೆ ಅದು ಸದ್ದಿಲ್ಲದೆ, ಎಲ್ಲೂ ತಡೆಯದೆ, ತನ್ನ ತೂಕಕ್ಕೇ ಒಂದು ಪಕ್ಕಕ್ಕೆ ವಾಲಿ ನಿಲ್ಲುತ್ತದೆ.